ಅಕ್ಕ, ನಿನ್ನ ತಲೆಯ ಮೇಲೆ ಕಾಗೆ ಕೂರಲಿ

ಶ್ರೀ ಗುರುಬಸವ ಪ್ರಸನ್ನ

ರಾಯಚೂರು
ಪಾರ್ಥಿವ ಸಂವತ್ಸರ, ಪುಷ್ಯ ಬಹುಳ ಬಿದಿಗೆ, ಶನಿವಾರ
೧೯-೧-೧೯೪೬

ದೇವದುರ್ಗದ ನನ್ನ ಅಕ್ಕ ಬಸವಂತಮ್ಮನ ಪಾದಗಳಿಗೆ ತಂಗಿ ಚನ್ನಮಲ್ಲಿಯ ಶರಣು.

ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು ಎಂಬ ಸಾಲನ್ನು ಶಾಲೆಯ ಐಗಳು ನಮ್ಮಿಬ್ಬರಿಗೂ ಎಲ್ಲಕ್ಕಿಂತ ಮೊದಲು ಕಲಿಸಿದ್ದರು. ಅದನ್ನು ಬಿಟ್ಟರೆ ಬೆರಳ ಗೆಣ್ಣಿನ ಮೇಲೆ ಬೆತ್ತ ಬೀಳುತ್ತಿತ್ತು, ನೆನಪಿದೆಯಾ? ಇವತ್ತು ನಾನು ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಐಗಳು ಇದ್ದಿದ್ದರೆ ಈ ಕಾಗದ ಓದಿ ಬೆತ್ತ ಕೆಳಗಿಟ್ಟು ಕೂರುತ್ತಿದ್ದರು.

ಇದನ್ನು ತಂದವನು ಖಾಸಿಂ ಸಾಬ್, ನಮ್ಮ ಬಂಡಿಗಳ ಮೇಸ್ತ್ರಿ. ಅವನಿಗೆ ಕಟ್ಟೆಯ ಮೇಲೆ ಕೂರಲು ಹೇಳಿ ಮಜ್ಜಿಗೆ ಕೊಡು. ನೀನು ಹಿತ್ತಲಿಗೆ ಹೋಗಿ ಬಿಸಿಲಿನಲ್ಲಿ ನಿಂತು ಒಬ್ಬಳೇ ಓದು. ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಳ್ಳಬೇಡ, ಓದಿದ ಕೂಡಲೇ ಒಲೆಗೆ ಹಾಕಿ ಕೈ ತೊಳೆದುಕೋ. ಯಾಕೆ ಎಂದು ಆಮೇಲೆ ತಿಳಿಯುತ್ತದೆ.

ಅಕ್ಕ, ನಮ್ಮ ಗೋದಾಮಿನಲ್ಲಿ ಇಲಿ ಬೀಳುತ್ತಿವೆ. ನಿನ್ನ ಮಗ ಅಮರಪ್ಪ ಅದೇ ಗೋದಾಮಿನಲ್ಲಿ ಮಲಗುತ್ತಿದ್ದಾನೆ.

ಬರೆದುಬಿಟ್ಟೆ. ಇದೊಂದು ಮಾತು ಬರೆಯಲು ಬೆಳಗಿನಿಂದ ದೌತಿಯ ಮುಂದೆ ಕೂತಿದ್ದೆ. ಇಲಿ ಬೀಳುವುದೆಂದರೆ ಏನು ಎಂದು ನಿನಗೆ ಹೇಳಬೇಕಿಲ್ಲ. ನಾವು ಚಿಕ್ಕವರಿದ್ದಾಗ ಅಟ್ಟದಿಂದ ಒಂದೇ ಒಂದು ಇಲಿ ಸತ್ತು ಬಿದ್ದದ್ದಕ್ಕೆ ಅಪ್ಪ ಹಂಚಿನ ಮೇಲಿನ ರೊಟ್ಟಿಯನ್ನೂ ತೆಗೆಯಗೊಡದೆ ನಮ್ಮನ್ನು ಹೊಲಕ್ಕೆ ಎಳೆದುಕೊಂಡು ಹೋದರು. ಪ್ಲೇಗು ಬಂತೆಂದು ಊರಿಗೆ ಊರೇ ಗುಡಿಸಲು ಹಾಕಿಕೊಂಡು ಹೊಲದಲ್ಲಿ ಕೂತಿತು. ನಮಗೆ ಅದು ಹಬ್ಬದ ಹಾಗೆ ಕಂಡಿತ್ತು. ತಡ ಮಾಡಿ ಮನೆ ಬಿಟ್ಟವರ ಗುಡಿಸಲಿನಿಂದ ಒಬ್ಬೊಬ್ಬರನ್ನೇ ಹೊತ್ತುಕೊಂಡು ಹೋಗುವುದನ್ನು ಕಂಡ ಮೇಲೆ ನೀನು ಕುಂಟಲಪಿ ಆಡುವುದನ್ನು ನಿಲ್ಲಿಸಿದೆ. ನಾನು ನಿನ್ನ ಪರಕಾರದ ಚುಂಗು ಹಿಡಿದುಕೊಂಡು ಓಡಾಡುತ್ತಿದ್ದೆ. ಈಗಲೂ ಹಿಡಿಯಲು ಅದೇ ಚುಂಗನ್ನು ಹುಡುಕುತ್ತಿದ್ದೇನೆ.

ಎಲ್ಲಿಂದ ಬಂತು ಎಂದು ಕೇಳುತ್ತೀ. ಹೇಳುತ್ತೇನೆ.

ಯುದ್ಧ ಮುಗಿದ ಸಂತೋಷಕ್ಕೆ ರಾಯಚೂರಿನಲ್ಲಿ ಜಂಗಿ ಕುಸ್ತಿ ಎಂದು ಡಂಗುರ ಹೊಡೆದದ್ದು ನಿಮ್ಮ ಓಣಿಗೂ ಕೇಳಿರಬೇಕು. ಬರುವ ಶುಕ್ರವಾರ ಶುರು. ಹೈದರಾಬಾದು, ಬಳ್ಳಾರಿ, ಕೊಲ್ಲಾಪುರ, ಎಲ್ಲೆಲ್ಲಿಂದಲೋ ಪೈಲ್ವಾನರು. ನೋಡಲು ಬರುವ ಜನಕ್ಕಂತೂ ಲೆಕ್ಕವೇ ಇಲ್ಲ. ಈ ಎಲ್ಲಕ್ಕೂ ಬೇಕಾದ ಸಾಮಾನು ತರಿಸುವ ಉಸ್ತುವಾರಿಯನ್ನು ಕುಸ್ತಿ ಕಮಿಟಿಯವರು ನಮ್ಮ ಮನೆಯವರ ಹೆಗಲಿಗೆ ಹಾಕಿದರು. ಸ್ಟೇಷನ್ನಿನಿಂದ ಬಜಾರಕ್ಕೆ ಮಾಲಿನ ಬಂಡಿ ಹೊಡೆಸುವ ಕೆಲಸದಲ್ಲೇ ತಲೆ ಬೆಳ್ಳಗಾದ ಮನುಷ್ಯ. ಪೆಟ್ರೋಲು ಇನ್ನೂ ಚೀಟಿಯ ಮೇಲೆ, ರೈಲಿನ ಡಬ್ಬಿ ಕೇಳಿದರೆ ಇಲ್ಲ. ಇಂಥ ದಿನದಲ್ಲಿ ಇದನ್ನು ಮಾಡಿದರೆ ಇವರೇ ಮಾಡಬೇಕು ಎಂದು ನಾಲ್ಕು ಜನ ಹೇಳಿದರು. ಅವತ್ತು ಇವರು ರುಮಾಲನ್ನು ಎರಡು ಸಲ ಬಿಚ್ಚಿ ಸುತ್ತಿಕೊಂಡದ್ದನ್ನು ನಾನು ಒಳಗಿನಿಂದ ನೋಡಿ ನಕ್ಕಿದ್ದೆ.

ಕುಸ್ತಿ ಹಿಡಿಯುವವರು ಇಬ್ಬರು. ಆ ಇಬ್ಬರನ್ನು ನಿಲ್ಲಿಸಲು ಇಷ್ಟೆಲ್ಲ ಬಂಡಿ ಓಡಬೇಕು ಎಂದು ನನಗೆ ಗೊತ್ತೇ ಇರಲಿಲ್ಲ ಅಕ್ಕ. ನಮ್ಮ ಎರೆ ಮಣ್ಣು ಅಖಾಡಕ್ಕೆ ಬರುವುದಿಲ್ಲ, ಬಿದ್ದವನ ಬೆನ್ನು ಮುರಿಯುತ್ತದೆ. ಅದಕ್ಕೆ ಕಲ್ಲೂರಿನ ಕಡೆಯಿಂದ ಕೆಂಪು ಮಣ್ಣು ಬರಬೇಕು, ಅದನ್ನು ಸೋಸಬೇಕು, ಮಜ್ಜಿಗೆ ಎಣ್ಣೆ ಅರಿಸಿನ ಹಾಕಿ ಹದ ಮಾಡಬೇಕು. ಡೇರೆಗೆ ಬಿದಿರು, ಒಲೆಗೆ ಕಟ್ಟಿಗೆ, ಜನಕ್ಕೆ ಪೀಪಾಯಿಯಲ್ಲಿ ನೀರು. ಇವರು ಪಡಸಾಲೆಯ ನೆಲದ ಮೇಲೆ ಸುಣ್ಣದಲ್ಲಿ ಊರು, ದಾರಿ ಬರೆದು ಹುಣಸೆ ಬೀಜಗಳನ್ನು ಸಾಲು ಹಿಡಿಸಿದರು. ಹುಣಸೆ ಬೀಜ ಅಂದರೆ ಬಂಡಿ, ಕಡಲೆ ಅಂದರೆ ಎಮ್ಮೆ. ಉಣ್ಣುವಾಗಲೂ ಎಡಗೈಯಿಂದ ಬಂಡಿ ಸರಿಸುತ್ತಿದ್ದರು. ನಾನು ಒಂದು ದಿನ ತಿಳಿಯದೆ ಕಸ ಹೊಡೆದು ಮಾನವಿಯಿಂದ ಬರುವ ಬಂಡಿಗಳನ್ನೆಲ್ಲ ಮೊರಕ್ಕೆ ತುಂಬಿ ತಿಪ್ಪೆಗೆ ಚೆಲ್ಲಿದೆ. ಅವರು ಬೈದದ್ದಕ್ಕೆ ಓಣಿಯ ನಾಯಿ ಓಡಿಹೋಯಿತು. ಅಕ್ಕ, ಆ ಬಂಡಿಗಳು ತಿಪ್ಪೆಯಲ್ಲೇ ಉಳಿದಿದ್ದರೆ ನಾನು ದಿನಾ ಅಷ್ಟೇ ಬೈಗುಳ ತಿಂದುಕೊಂಡು ಸುಖವಾಗಿರುತ್ತಿದ್ದೆ.

ಪೈಲ್ವಾನರಿಗೆ ಹಾಲು ಬೇಕು. ಎಮ್ಮೆಗಳು ನಿಮ್ಮ ಕೃಷ್ಣೆಯ ದಂಡೆಯಿಂದ ಬಂದವು, ಕುಸ್ತಿ ಹಿಡಿಯಲು ಬರುವ ಅಮರಪ್ಪನೇ ಹೊಡೆದುಕೊಂಡು ಬಂದ. ಊರು ಬದಲಾದ ಎಮ್ಮೆ ಹಾಲು ಕದಿಯುತ್ತದೆ. ಹತ್ತಿಕಾಳು ನೆನೆಸಿ ತಿನ್ನಿಸಿದರೆ ಮತ್ತೆ ದಪ್ಪ ಹಾಲು ಇಳಿಯುತ್ತದೆ. ರಾಯಚೂರಿನಲ್ಲಿ ಹತ್ತಿಕಾಳು ಎಲ್ಲಿ ಕೇಳಿದರೂ ಇಲ್ಲ. ಮಾನವಿಯ ಒಂದು ಹತ್ತಿ ಗಿರಣಿಯಲ್ಲಿ ರಾಶಿ ಬಿದ್ದಿದೆ, ಕೇಳುವವರಿಲ್ಲ ಎಂದು ಯಾರೋ ಹೇಳಿದರು. ಬಂಡಿಗಳು ಹೋದವು, ತುಂಬಿಕೊಂಡು ಬಂದವು. ಇಲ್ಲಿಯತನಕ ಎಲ್ಲ ಸರಿ.

ಬಂಡಿಗಳ ಜೊತೆ ಹೋಗಿದ್ದ ಖಾಸಿಂ ಸಾಬ್ ಬಂದ ಕೂಡಲೇ ಇವರಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ. "ವಿರೂಪಣ್ಣಾರ, ಗಿರಣ್ಯಾಗ ಒಬ್ಬ ಹಮಾಲಿ ಇಲ್ರಿ. ನಾವ ಹೊತ್ತು ನಾವ ತುಂಬೀವಿ. ಬಜಾರ ಬಂದ್ ಅದ. ಮಂದಿ ಎಲ್ಲಾ ಊರ ಹೊರಗ ಗುಡಿಸಲ ಹಾಕ್ಕೊಂಡ್ ಕುಂತಾರ." ಅದಕ್ಕೆ ಇವರು, "ಸುಗ್ಗಿ ಬಂತಲ್ಲೋ, ಹೊಲ ಕಾಯಾಕ ಹೋಗಿರ್ತಾರ" ಅಂದರು. ಖಾಸಿಂ ಸಾಬ್ ಇವರ ಮುಖ ನೋಡಿದ, ಇವರು ಚೀಲ ಎಣಿಸಲು ಹೋದರು.

ಅಂಗಡಿಕಾರರು ಬಾಗಿಲು ಮುಚ್ಚಿ ಹೊಲ ಕಾಯುವುದನ್ನು ಯಾರು ಕಂಡಿದ್ದಾರೆ? ಬಂಡಿಯ ಗಾಲಿಗೆ ಎಷ್ಟು ಎಣ್ಣೆ ಬೇಕು ಎಂದು ಮೂರು ಸಲ ಕೇಳುವ ಮನುಷ್ಯ ಇದೊಂದನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೆ ತಿಳಿಯುತ್ತಿತ್ತು. ತಿಳಿಯಬಾರದೆಂದೇ ಕೇಳಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ನಾನಾದರೂ ಬಾಗಿಲ ಹಿಂದಿನಿಂದ ಈಚೆ ಬಂದು ಕೇಳಿದೆನಾ? ಇಲ್ಲ.

ಚೀಲಗಳನ್ನು ಮನೆಯ ಹಿಂದಿನ ಗೋದಾಮಿನಲ್ಲಿ ಒಟ್ಟಿದರು. ಬಾದಾಮಿ, ತುಪ್ಪದ ಡಬ್ಬಗಳೂ ಅಲ್ಲೇ. ಹೊರಗಿನವರನ್ನು ಕಾವಲಿಗೆ ನಂಬುವುದು ಹೇಗೆ ಎಂದು ಇವರು ಅಮರಪ್ಪನನ್ನೇ ಅಲ್ಲಿ ಮಲಗಲು ಹೇಳಿದರು. ಹತ್ತಿಕಾಳಿನ ಚೀಲ ಮೆತ್ತಗೆ, ಬೆಚ್ಚಗೆ. ನಿನ್ನ ಮಗ ಅದರ ಮೇಲೆ ಕಂಬಳಿ ಹಾಸಿಕೊಂಡು ರಾಜನ ಹಾಗೆ ಮಲಗಿದ. ಗುರುವಾರ ಬರುವ ಪೈಲ್ವಾನರಿಗೂ ಅಲ್ಲೇ ಜಾಗ ಎಂದು ನಿಶ್ಚಯವಾಗಿದೆ.

ಮೊದಲನೆಯದನ್ನು ನಾನೇ ಕಂಡೆ. ಎಮ್ಮೆಗೆ ಕಾಳು ಅಳೆಯಲು ಹೋಗಿದ್ದೆ. ಒಂದು ಹೆಗ್ಗಣ ಹಾಡುಹಗಲಿನಲ್ಲಿ ಚೀಲದ ಸಂದಿಯಿಂದ ಈಚೆ ಬಂತು. ನನ್ನನ್ನು ನೋಡಿ ಓಡಲಿಲ್ಲ. ಕುಡಿದವರ ಹಾಗೆ ತೂರಾಡಿ, ಗಿರ್ರನೆ ಸುತ್ತು ತಿರುಗಿ, ನನ್ನ ಕಾಲಿನ ಹತ್ತಿರವೇ ಬಿದ್ದು ಕಾಲು ಚಾಚಿತು. ಸೇರು ನನ್ನ ಕೈಯಿಂದ ಬಿತ್ತು. ಇವರಿಗೆ ಹೇಳಿದರೆ, ಪಾಷಾಣ ಇಟ್ಟಿದ್ದೆ, ತಿಂದು ಸತ್ತಿದೆ ಅಂದರು. ಮರುದಿನ ಇನ್ನಷ್ಟು ಬಿದ್ದವು. ಅವನ್ನೆಲ್ಲ ಗೋಣಿಯಲ್ಲಿ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟರು. ಪಾಷಾಣದ ಡಬ್ಬಿ ಎಲ್ಲಿದೆ ತೋರಿಸಿ ಅಂದೆ. ಹೆಂಗಸಿಗೆ ಅದೆಲ್ಲ ಯಾಕೆ ಅಂದರು. ನಮ್ಮ ಮನೆಯಲ್ಲಿ ಪಾಷಾಣವೇ ಇಲ್ಲ ಅಕ್ಕ, ಅದು ನನಗೆ ಗೊತ್ತಿಲ್ಲವೇ?

ಆಮೇಲೆ ಗಡಿಗೆಪ್ಪ. ಕಲ್ಮಲದ ಹಮಾಲಿ, ಎರಡು ಚೀಲ ಒಟ್ಟಿಗೆ ಬೆನ್ನ ಮೇಲೆ ಹಾಕಿಕೊಂಡು ಹಾಡುತ್ತ ಹೋಗುವ ಆಳು. ಹತ್ತಿಕಾಳು ಇಳಿಸಿದವನು ಅವನೇ. ಒಂದು ಬೆಳಿಗ್ಗೆ ಕಂಬ ಹಿಡಿದುಕೊಂಡು ನಿಂತಿದ್ದ. ಕಣ್ಣು ಕೆಂಡ, ನಾಲಿಗೆ ತೊದಲು. ನೀರು ಕೊಟ್ಟೆ. "ಯವ್ವಾ, ತೊಡಿ ಸಂದ್ಯಾಗ ಗಂಟ ಆಗ್ಯಾದ, ಕಾಲ ಮಡಚಾಕ ಬರವಲ್ದು" ಅಂದ. ಇವರು ಅವನನ್ನು ಕಲ್ಮಲಕ್ಕೆ ಹೋಗುವ ಖಾಲಿ ಬಂಡಿಯಲ್ಲಿ ಮಲಗಿಸಿ ಕಳಿಸಿದರು. ಎರಡು ದಿನಕ್ಕೆ ಅವನು ಹೋದ ಸುದ್ದಿ ಬಂತು. ಚಳಿಜ್ವರ ಅಂತೆ ಎಂದು ಇವರು ಉಳಿದ ಹಮಾಲಿಗಳಿಗೆ ಹೇಳಿದರು. ಅವತ್ತು ಊಟಕ್ಕೆ ಕೂತವರು ರೊಟ್ಟಿ ಮುರಿದರು, ಬಾಯಿಗೆ ಇಡಲಿಲ್ಲ.

ನಾನು ಬಾಯಿ ಬಿಟ್ಟು ಕೇಳಿದೆ. ದವಾಖಾನೆಯ ಡಾಕ್ಟರಿಗೆ ಹೇಳೋಣ, ಹುಡುಗನನ್ನು ಊರಿಗೆ ಕಳಿಸೋಣ ಅಂದೆ. ಇವರು ಧ್ವನಿ ಏರಿಸಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಆದದ್ದು. "ಈಗ ಹೇಳಿದ್ರ ಗೋದಾಮಿಗೆ ಕೀಲಿ ಬೀಳ್ತದ. ಒಳಗಿದ್ದವ್ರನ್ನ ಒಳಗ ಹಾಕಿ ಪಹರೆ ಕುಂದರಸ್ತಾರ. ಪ್ಲೇಗಿನ ಊರಿಂದ ಮಾಲು ತಂದಾನ ಅಂತ ನನ್ನ ಹಗ್ಗಾ ಕಟ್ಟಿ ಒಯ್ತಾರ. ಕುಸ್ತಿ ಮುಗಿಯೋತನ ತಡಿ. ನಿನ್ನ ಕಾಲಿಗಿ ಬೀಳ್ತೀನಿ, ತಡಿ" ಅಂದರು. ಗಂಡ ಎನ್ನಿಸಿಕೊಂಡವರು ನನ್ನ ಕಾಲಿನ ಮಾತು ಎತ್ತಿದರು. ಹಾಗಂದು ಬಗ್ಗಿ ಮತ್ತೆ ಹುಣಸೆ ಬೀಜ ಸಾಲು ಹಿಡಿಸತೊಡಗಿದರು. ಅವರನ್ನು ಕೆಟ್ಟವರು ಎಂದು ತಿಳಿಯಬೇಡ ಅಕ್ಕ. ಹೆದರಿದ್ದಾರೆ. ಹೆದರಿದವರು ಎಷ್ಟು ಕೆಟ್ಟದ್ದನ್ನು ಮಾಡಬಲ್ಲರು ಎಂದು ನಾನು ಈ ವಾರ ನೋಡಿದೆ.

ಪಹರೆಯ ಮಾತು ಕೇಳಿದ ಮೇಲೆ ನನಗೂ ಬಾಯಿ ಕಟ್ಟಿತು. ನಾನು ಈಗಲೇ ಹೋಗಿ ಹೇಳಿದರೆ ಅಮರಪ್ಪನೂ ಆ ಕೀಲಿಯ ಒಳಗೇ ಉಳಿಯುತ್ತಾನೆ. ಅವನನ್ನು ಮೊದಲು ಹೊರಗೆ ಕಳಿಸಬೇಕು. ಆಮೇಲೆ ಹೇಳಬೇಕು. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಮಕ್ಕಳಿಬ್ಬರೂ ಅತ್ತೆಯವರ ಜೊತೆ ಹೊಲದ ಗುಡಿಸಲಿನಲ್ಲಿದ್ದಾರೆ. ಇಲಿ ಬೀಳುವುದಕ್ಕಿಂತ ಮುಂಚೆಯೇ ಎಳೆ ಜೋಳದ ಸೀತನಿ ತಿನ್ನಬೇಕೆಂದು ಹಟ ಮಾಡಿ ಹೋಗಿದ್ದರು, ಈಗ ಅಲ್ಲೇ ಇರಿ ಎಂದು ಹೇಳಿ ಕಳಿಸಿದೆ. ನೀನೂ ಯಾಕೆ ಹೋಗಲಿಲ್ಲ ಎನ್ನಬೇಡ. ಇವರಿಗೆ ರೊಟ್ಟಿ ಬಡಿಯುವವರು ಬೇಕಲ್ಲ. ನನಗೇನು, ಚೆನ್ನಾಗಿಯೇ ಇದ್ದೇನೆ.

ಇನ್ನು ನಿನ್ನ ಮಗನ ಸಂಗತಿ. ಅವನಿಗೆ ಹೇಳದೆ ಇರುತ್ತೇನೆಯೇ? ಎಮ್ಮೆಗಳ ಹತ್ತಿರ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಆ ದೊಡ್ಡ ಕುತ್ತಿಗೆ ಹಿಂದಕ್ಕೆ ಹಾಕಿ ನಕ್ಕ. "ಚಿಗವ್ವ, ಇಲಿಗಿ ಹೆದರಿ ಓಡಿ ಬಂದಾನ ಅಂದ್ರ ಗರಡಿಯಾಗ ಮಾರಿ ಹ್ಯಾಂಗ ತೋರಸ್ಲಿ?" ಅಂದ. ದವಾಖಾನೆಯಲ್ಲಿ ಪ್ಲೇಗಿನ ಸೂಜಿ ಹಾಕುತ್ತಾರಂತೆ, ಅದನ್ನಾದರೂ ಹಾಕಿಸಿಕೋ ಅಂದೆ. "ತೋಳ ಬಾಯ್ತದ, ಜ್ವರಾ ಬರ್ತದ. ಜಹೀರುದ್ದೀನ್ ಪೈಲ್ವಾನನ ಮುಂದ ಒಂದ ತೋಳಿಲೆ ನಿಂದರ್ಲಿ ಏನು?" ಅಂದ. ಆ ಹೈದರಾಬಾದಿನ ಪೈಲ್ವಾನನ ಜೊತೆ ಹಿಡಿಯಬೇಕೆಂದು ಇವನು ಎಷ್ಟು ದಿನದಿಂದ ಕಾದಿದ್ದಾನೆ ಎಂದು ನಿನಗೆ ಗೊತ್ತು. ನಿನ್ನ ಅವ್ವ ಕರೆಯುತ್ತಾಳೆ ಎಂದು ಹೇಳಿ ಕಳಿಸಿದರೆ? ಎಂದು ಕೇಳಿದೆ. "ಅವ್ವಾನ ಇಲ್ಲಿಗಿ ಬರ್ಲಿ, ನಾ ಗೆಲ್ಲೋ ಗದಿ ನೋಡಾಕ. ಗೆದ್ದ ಮ್ಯಾಲ ನಾನ ಕರ್ಕೊಂಡ್ ಹೋಗ್ತೀನಿ" ಅಂದ. ಅವನು ಎಮ್ಮೆಗಳಿಗೆ ನೀರು ಕುಡಿಸಲು ಹೋದಾಗ ನಾನೇ ಗೋದಾಮಿಗೆ ಹೋಗಿ ಅವನ ಕಂಬಳಿ, ಕೌದಿ ಎಳೆದು ತಂದು ಹಿತ್ತಲಲ್ಲಿ ಕೊಡವಿದೆ. ಕಾಲಿಗೆಲ್ಲ ಇಲಿಗಳ ಮೈಯ ಚಿಕ್ಕಾಡು ಹತ್ತಿ ಕಚ್ಚಿದವು. ಹಾಸಿಗೆಯನ್ನು ಪಡಸಾಲೆಯಲ್ಲಿ ಹಾಸಿ ಬಂದರೆ ಸಂಜೆಗೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಸೀಟಿ ಹಾಕುತ್ತ ಮತ್ತೆ ಗೋದಾಮಿಗೆ ಹೋದ. ಭಾವನವರು ಹೋದ ಮೇಲೆ ನೀನು ಈ ಒಬ್ಬನನ್ನು ಹಾಲು ತುಪ್ಪ ಸುರಿದು ಬೆಳೆಸಿದೆ. ಮೈ ಬೆಳೆಯಿತು, ಹಟವೂ ಬೆಳೆಯಿತು. ಅಕ್ಕ, ನನಗೆ ಅವನ ಮೇಲೆ ಸಿಟ್ಟು ಬಂದು ಕಣ್ಣಲ್ಲಿ ನೀರು ಬಂತು.

ಹಿತ್ತಲಲ್ಲಿ ಹಾಗೆ ಅಳುತ್ತ ಕೂತಿದ್ದಾಗ ಬೇವಿನ ಗಿಡದ ಮೇಲೆ ಕಾಗೆ ಕೂಗಿತು. ಆಗ ನನಗೆ ನಮ್ಮ ಅಜ್ಜಿ ನೆನಪಾದಳು.

ಅಜ್ಜಿಯ ತಲೆಯ ಮೇಲೆ ಕಾಗೆ ಬಂದು ಕೂತದ್ದು ನಿನಗೆ ನೆನಪಿರಲೇಬೇಕು. ಕಾಗೆ ತಲೆಯ ಮೇಲೆ ಕೂತರೆ ಸಾವಿನ ಗಂಡಾಂತರ. ಸತ್ತರು ಎಂದು ಬಳಗಕ್ಕೆ ಸುಳ್ಳು ಸುದ್ದಿ ಕಳಿಸಿ, ಅವರು ನಿಜವಾಗಿ ಅತ್ತರೆ ಆ ಗಂಡಾಂತರ ಕಳೆಯುತ್ತದೆ ಎಂದು ಅಪ್ಪ ಕಲ್ಲೂರಿನ ಮಾವನಿಗೆ ಆಳು ಕಳಿಸಿದರು. ಮಾವ ಅಗಸಿಯಿಂದಲೇ ಎದೆ ಬಡಿದುಕೊಳ್ಳುತ್ತ ಬಂದ. ಅಜ್ಜಿ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಮಾವ ಅಳು ನಿಲ್ಲಿಸುವುದೋ ಮುಂದುವರಿಸುವುದೋ ತಿಳಿಯದೆ ಅಪ್ಪನನ್ನು ಓಣಿಯ ತುಂಬ ಅಟ್ಟಿಸಿಕೊಂಡು ಹೋದ. ಆಮೇಲೆ ಎಲ್ಲರೂ ನಕ್ಕರು, ಹೋಳಿಗೆ ಆಯಿತು. ಸುಳ್ಳು ಹೇಳಿದಿರಿ ಎಂದು ಯಾರೂ ಯಾರನ್ನೂ ಅನ್ನಲಿಲ್ಲ. ಕಾಗೆಯ ಸುಳ್ಳಿಗೆ ತಪ್ಪಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಅಕ್ಕ, ನಿನ್ನ ತಲೆಯ ಮೇಲೆ ಕಾಗೆ ಕೂರಲಿ. ನೀನು ಸಾಯಬೇಕು.

ತಂಗಿಯಾಗಿ ಈ ಮಾತು ಬರೆಯಲು ನನಗೆ ಎಷ್ಟು ಕಷ್ಟ ಎಂದು ನೀನೇ ತಿಳಿದುಕೋ. ಕರೆದರೆ ಬರದ ಮಗ ತಾಯಿಗೆ ಮಣ್ಣು ಕೊಡಲು ಬಂದೇ ಬರುತ್ತಾನೆ. ಗದೆ, ಜಹೀರುದ್ದೀನ್, ಗರಡಿಯ ಮಾನ, ಎಲ್ಲ ಬಿಟ್ಟು ಬರುತ್ತಾನೆ. ಇವರೂ ತಡೆಯುವುದಿಲ್ಲ. ಅಂಥ ಸುದ್ದಿಗೆ ಹೋಗುವವನನ್ನು ಯಾರು ತಡೆಯುತ್ತಾರೆ?

ಖಾಸಿಂ ಸಾಬನಿಗೆ ಎಲ್ಲ ಹೇಳಿದ್ದೇನೆ. ಇಲ್ಲಿಂದಲೇ ಹೇಳಿಬಿಡು ಎಂದು ಮೊದಲು ಕೇಳಿದರೆ ಅವನು ಎರಡೂ ಕಿವಿ ಮುಟ್ಟಿಕೊಂಡ. "ಬದುಕಿದ್ದ ತಾಯಿನ್ನ ನನ್ನ ಬಾಯಿಲೆ ಕೊಲ್ಲಸಬ್ಯಾಡ್ರಿ ಯವ್ವಾ. ಆಕಿ ಹೂಂ ಅನ್ಲಿ. ಆಕಿ ಹೇಳು ಅಂದ್ರ ಹೇಳ್ತೀನಿ" ಅಂದ. ಅವನ ಮಾತು ಸರಿ ಅನ್ನಿಸಿತು. ನಿನ್ನನ್ನು ಕೇಳದೆ ನಿನ್ನನ್ನು ಕೊಲ್ಲಲು ನನಗೂ ಮನಸ್ಸು ಬರಲಿಲ್ಲ. ಎಮ್ಮೆಗಳಿಗೆ ಕಣಿಕೆ ಮೇವು ಗೊತ್ತು ಮಾಡುವ ನೆಪದಲ್ಲಿ ಅವನು ಇದ್ದಿಲಿನಿಂದ ಓಡುವ ಬಸ್ಸಿಗೆ ಅಲ್ಲಿಗೆ ಬರುತ್ತಾನೆ, ಅದೇ ಬಸ್ಸಿಗೆ ತಿರುಗಿ ಬರುತ್ತಾನೆ. ನೀನು ಅವನ ಎದುರು ನಿಂತು, ನನ್ನ ಮಗನಿಗೆ ನಾನು ಸತ್ತೆ ಎಂದು ಹೇಳು ಅನ್ನಬೇಕು. ಅಷ್ಟು ಅಂದರೆ ಸಾಕು. ಸುಳ್ಳು ಸುದ್ದಿಗೆ ಆಯುಷ್ಯ ಹೆಚ್ಚುತ್ತದೆ ಎನ್ನುತ್ತಾರೆ, ನಿನಗೆ ನೂರಾಗಲಿ.

ಈಗ ನಾನು ಹೇಳುವುದನ್ನು ಗಟ್ಟಿಯಾಗಿ ಹಿಡಿದುಕೋ. ಇದರಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ಅವನು ಬರುವಷ್ಟರಲ್ಲಿ ನಿಮ್ಮ ಹೊಳೆಯ ದಂಡೆಯ ಹೊಲದಲ್ಲಿ ಗುಡಿಸಲು ಹಾಕಿಸು. ನೀನು ಮನೆಯಲ್ಲಿರಬೇಡ, ಊರ ಹೊರಗೆ ಬಸ್ಸು ನಿಲ್ಲುವ ಕಡೆಯೇ ಹೋಗಿ ನಿಂತುಕೋ. ಅವನು ಇಳಿಯುವಾಗ ಅಳುತ್ತಿರುತ್ತಾನೆ. ನಿನ್ನನ್ನು ಕಂಡು ಮೊದಲು ಹೆದರುತ್ತಾನೆ, ಆಮೇಲೆ ನಿನ್ನ ಮೇಲೆ ಬಂದು ಬೀಳುತ್ತಾನೆ. ಬೀಳಗೊಡಬೇಡ ಅಕ್ಕ. ಕೈಯಲ್ಲಿ ಕೋಲು ಹಿಡಿದುಕೊಂಡಿರು, ದೂರ ನಿಲ್ಲು ಎಂದು ಕೂಗು. ಕಾಗೆ ಮುಟ್ಟಿದವಳನ್ನು ಮುಟ್ಟಬಾರದು, ನೇರ ಹೊಳೆಗೆ ನಡಿ ಎಂದು ಹೇಳು. ಹೊಳೆಯಲ್ಲಿ ಮಿಂದು ಬರಲಿ. ಉಟ್ಟ ಬಟ್ಟೆ, ಕಂಬಳಿ, ರುಮಾಲು ಎಲ್ಲವನ್ನೂ ದಂಡೆಯಲ್ಲೇ ಕೋಲಿನಿಂದ ಒಟ್ಟಿ ಸುಟ್ಟುಬಿಡು. ಹೊಸ ಧೋತರ ದೂರದಿಂದ ಎಸೆ. ರೊಟ್ಟಿಯನ್ನು ಎಲೆಯ ಮೇಲಿಟ್ಟು ಹಿಂದೆ ಸರಿ. ಪ್ಲೇಗಿನ ಕಾಲದಲ್ಲಿ ಅಪ್ಪ ನಮ್ಮನ್ನು ಎಷ್ಟು ದಿನ ಗುಡಿಸಲಿನಲ್ಲಿ ಇಟ್ಟಿದ್ದರೋ ಅಷ್ಟು ದಿನ ಅವನೂ ಅಲ್ಲೇ ಇರಬೇಕು. ಸತ್ತಳೆಂದು ಅಳುತ್ತ ಬಂದ ಮಗ ಎದುರು ನಿಂತಾಗ ಅವನ ತಲೆ ಸವರದೆ ಇರುವುದು ನಿನ್ನಿಂದ ಆಗುತ್ತದೆಯೇ ಎಂದು ಯೋಚಿಸಿ ನನಗೆ ಹೆದರಿಕೆಯಾಗುತ್ತದೆ. ನನ್ನಿಂದ ಆಗುತ್ತಿರಲಿಲ್ಲ. ನೀನು ನನಗಿಂತ ಗಟ್ಟಿ.

ಅವನು ಬೈಯುತ್ತಾನೆ. ನಿನ್ನನ್ನೂ ನನ್ನನ್ನೂ ಸೇರಿಸಿ ಬೈಯುತ್ತಾನೆ. ಕುಸ್ತಿ ತಪ್ಪಿಸಿದಿರಿ, ನನ್ನ ಬಾಳು ಹಾಳು ಮಾಡಿದಿರಿ ಎನ್ನುತ್ತಾನೆ. ತಿರುಗಿ ಬರಲು ನೋಡುತ್ತಾನೆ. ಬಸ್ಸಿನ ಕಾಸು ಅವನ ಕೈಗೆ ಸಿಗದ ಹಾಗೆ ನೋಡಿಕೋ. ಬೈಯಲು ಅವನು ಇರಬೇಕು, ಅಷ್ಟೇ ನನಗೆ ಬೇಕಾದದ್ದು.

ಇನ್ನೊಂದು. ನಿಮ್ಮ ಕಡೆಯಿಂದ ಕುಸ್ತಿ ನೋಡಲು ಬರುವವರಿಗೆ ಇವರು ಬಂಡಿ, ಬಸ್ಸು ಎಲ್ಲ ಅಣಿ ಮಾಡಿದ್ದಾರೆ. ಯಾರೂ ಹತ್ತದ ಹಾಗೆ ಮಾಡು. ಯಾರು ಹೇಳಿದರು ಎಂದು ಕೇಳಿದರೆ ನನ್ನ ಹೆಸರು ಹೇಳು. ಮೊದಲು ಹೇಳಬೇಡ ಎಂದೇ ಬರೆಯಬೇಕೆಂದಿದ್ದೆ, ಇವರ ಮಾನ ಹೋಗುತ್ತದೆ ಎಂದು. ಗಡಿಗೆಪ್ಪನ ಹೆಂಡತಿ ನಿನ್ನೆ ಇವರ ಹತ್ತಿರ ಬಂದು, ನಿಮ್ಮ ಮನೆಯ ತಾಯಿಯವರು ನೀರು ಕೊಟ್ಟರಂತೆ, ನಿಮ್ಮ ಉಪಕಾರ ದೊಡ್ಡದು ಎಂದು ಕೈ ಮುಗಿದು ಹೋದಳು. ಅದಾದ ಮೇಲೆ ಮಾನದ ಮಾತು ನನ್ನ ಬಾಯಲ್ಲಿ ಬರುತ್ತಿಲ್ಲ. ಅಮರಪ್ಪ ಬಸ್ಸು ಹತ್ತಿದ ಕೂಡಲೇ ನಾನು ದವಾಖಾನೆಗೆ ಹೋಗುತ್ತೇನೆ. ಇವರನ್ನು ಹಗ್ಗ ಕಟ್ಟಿ ಒಯ್ದರೆ ಒಯ್ಯಲಿ. ಗುರುವಾರ ಆ ಪೈಲ್ವಾನರು ಬಂದು ಆ ಚೀಲಗಳ ಮೇಲೆ ಮಲಗಬಾರದು, ಅವರಿಗೂ ತಾಯಂದಿರಿದ್ದಾರೆ.

ಖಾಸಿಂ ಸಾಬ್ ಬಾಗಿಲಲ್ಲಿ ಕೆಮ್ಮುತ್ತಿದ್ದಾನೆ. ಇವರು ಸ್ಟೇಷನ್ನಿನಿಂದ ಬರುವ ಹೊತ್ತಾಯಿತು. ಅಕ್ಷರ ಸೊಟ್ಟವಾಗಿವೆ ಎಂದು ನಗಬೇಡ. ಹೂಂ ಅನ್ನು ಅಕ್ಕ. ತಡ ಮಾಡದೆ ಹೂಂ ಅನ್ನು.

ನಿನ್ನ ಬೆನ್ನಿಗೆ ಬಿದ್ದ ತಂಗಿ,
ಚನ್ನಮಲ್ಲಿ

ತಾ.ಕ.: ಬಸ್ಸಿನವರು ಇನ್ನೂ ಇದ್ದಿಲು ಹೊತ್ತಿಸುತ್ತಿದ್ದಾರಂತೆ, ಅದಕ್ಕೆ ಇಷ್ಟು ಬರೆಯುತ್ತೇನೆ. ಚೆನ್ನಾಗಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ನಿನ್ನೆ ಮಧ್ಯಾಹ್ನದಿಂದ ನನಗೆ ಚಳಿ. ಇವತ್ತು ನೀರಿನ ಕೊಡ ಎತ್ತಲು ಹೋದರೆ ಬಲಗಾಲು ಮಡಚಲು ಬರಲಿಲ್ಲ. ಗಡಿಗೆಪ್ಪ ಹೇಳಿದ ಜಾಗದಲ್ಲೇ ಕೈಯಿಟ್ಟು ನೋಡಿಕೊಂಡೆ. ಇವರಿಗೆ ಇನ್ನೂ ಹೇಳಿಲ್ಲ. ದವಾಖಾನೆಯಲ್ಲಿ ನಾನು ಬಾಯಿ ಬಿಟ್ಟು ಹೇಳಬೇಕಾದದ್ದೂ ಇಲ್ಲ, ಡಾಕ್ಟರು ನೋಡಿದರೆ ತಿಳಿದುಕೊಳ್ಳುತ್ತಾರೆ.

ಇನ್ನು ಕೆಲವು ದಿನದಲ್ಲಿ ಇಲ್ಲಿಂದ ಯಾರಾದರೂ ನನ್ನ ಸುದ್ದಿ ತಂದರೆ ನೀನು ನಂಬು, ಆದರೆ ಬರಬೇಡ. ಅಮರಪ್ಪ ನಂಬುವುದಿಲ್ಲ. ಚಿಗವ್ವನೂ ಅದೇ ಆಟ ಹೂಡಿದ್ದಾಳೆ ಎಂದು ಗುಡಿಸಲಿನಲ್ಲಿ ಕೂತು ನಗುತ್ತಾನೆ. ನಗಲಿ ಬಿಡು. ಗುಡಿಸಲಿನ ದಿನ ಮುಗಿಯುವ ತನಕ ಅವನೆದುರು ನೀನೂ ನಗು.